ಮನೆಯ ಸೋಡಾ ವ್ಯವಸ್ಥೆಗೆ ನೀರಿನ ಸಂಪರ್ಕ: ಬಳಸಿ ನೋಡಿದ ಮೂರು ವಿಧಾನಗಳ ಹೋಲಿಕೆ

ಮನೆಯಲ್ಲೇ ಸೋಡಾ ನೀರು ತಯಾರಿಸುವ ವ್ಯವಸ್ಥೆಯನ್ನು ಜೋಡಿಸಲು ಹೊರಟವರು ಸಾಮಾನ್ಯವಾಗಿ ಗುಳ್ಳೆ ಕೊಡುವ ಕಾರ್ಬನ್ ಡೈಆಕ್ಸೈಡ್ ಅನಿಲದ ಸಿಲಿಂಡರ್ ಮತ್ತು ಅದರ ರೆಗ್ಯುಲೇಟರ್ (ಒತ್ತಡವನ್ನು ಹಿಡಿತದಲ್ಲಿಡುವ ಸಾಧನ) ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ನೀರು ಎಲ್ಲಿಂದ, ಎಷ್ಟು ಒತ್ತಡದಲ್ಲಿ, ಎಷ್ಟು ವೇಗವಾಗಿ ಬರುತ್ತದೆ ಎಂಬುದನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುತ್ತಾರೆ. ಮೂರು ಬಗೆಯ ಸಂಪರ್ಕಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದ ನನಗೆ ಸೋಡಾದ ಗುಣ ಮತ್ತು ಯಂತ್ರದ ಆಯುಷ್ಯ ಎರಡೂ ನಿರ್ಧಾರವಾಗುವುದು ನೀರು ಒಳಬರುವ ಕಡೆಯಲ್ಲೇ ಎಂಬುದು ಮನವರಿಕೆಯಾಗಿದೆ. ಆ ಮೂರು ವಿಧಾನಗಳೆಂದರೆ: ನಲ್ಲಿಯ ಲೈನಿನಿಂದ ಫಿಲ್ಟರ್ ಮೂಲಕ ನೇರವಾಗಿ ಪಂಪ್ ಇರುವ ಕಾರ್ಬೊನೇಟರಿಗೆ (ನೀರಿಗೆ ಅನಿಲ ಬೆರೆಸುವ ಯಂತ್ರ) ಕೊಡುವುದು, ಆರ್‌ಒ ಘಟಕದ ಟ್ಯಾಂಕಿನಿಂದ ಅದೇ ಪಂಪಿಗೆ ಕೊಡುವುದು, ಪಂಪನ್ನೇ ಬಿಟ್ಟು ಫ್ರಿಜ್ಜಿನೊಳಗಿನ, ಒತ್ತಡ ತಡೆಯುವ ಮುಚ್ಚಿದ ಸ್ಟೀಲ್ ಪಾತ್ರೆಯಾದ ಕೆಗ್‌ಗೆ ಲೈನಿನ ಒತ್ತಡದಿಂದಲೇ ನೀರು ತುಂಬಿಸುವುದು.

ಮೂರಕ್ಕೂ ಸಮಾನವಾದ, ಯಾವ ಕಾರಣಕ್ಕೂ ರಿಯಾಯಿತಿ ಇಲ್ಲದ ಒಂದು ವಿಷಯವನ್ನು ಮೊದಲೇ ಹೇಳಬೇಕು. ಸೋಡಾ ನೀರಿನ ಪಿಎಚ್ ಸುಮಾರು 4ರಷ್ಟು ಇರುತ್ತದೆ, ಅಂದರೆ ಅದು ಆಮ್ಲೀಯ. ಲೈನಿನಲ್ಲಿ ಒತ್ತಡ ಕುಸಿದಾಗ ಈ ನೀರು ಹಿಮ್ಮುಖವಾಗಿ ಹರಿದು ತಾಮ್ರದ ಪೈಪಿಗೆ ಸೇರಿದರೆ ತಾಮ್ರ ಕರಗಿ ಕುಡಿಯುವ ನೀರಿಗೆ ಬೆರೆಯುತ್ತದೆ. ಅಂಥ ನೀರು ಕುಡಿದವರಿಗೆ ವಾಕರಿಕೆ, ವಾಂತಿ ಕಾಣಿಸಿಕೊಳ್ಳುತ್ತವೆ. ಒಂದೇ ಒಂದು ಸಾಮಾನ್ಯ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇದಕ್ಕೆ ಸಾಲದು, ಏಕೆಂದರೆ ಅದರ ಆಸನದಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸೋಡಾ ಯಂತ್ರಗಳಿಗೆಂದೇ ತಯಾರಿಸಿದ, ಎರಡು ಚೆಕ್ ವಾಲ್ವ್‌ಗಳ ನಡುವೆ ಗಾಳಿಗೆ ತೆರೆದ ಸಣ್ಣ ರಂಧ್ರವಿರುವ ಸ್ಟೇನ್‌ಲೆಸ್ ಸ್ಟೀಲ್ ಸಾಧನವನ್ನೇ ಹಾಕಬೇಕು. ಕಾರ್ಬೊನೇಟರಿನ ಕಡೆಯ ವಾಲ್ವ್ ಸೋರಿದರೆ ನೀರೋ ಅನಿಲವೋ ಆ ರಂಧ್ರದಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ. ನೀರು ತೊಟ್ಟಿಕ್ಕುತ್ತದೆಂದು ಆ ರಂಧ್ರವನ್ನು ಮುಚ್ಚುವ ಜಾಣತನವನ್ನು ಯಾರೂ ತೋರಬಾರದು. ಈ ಸಾಧನದಿಂದ ಮುಂದೆ ತಾಮ್ರ, ಹಿತ್ತಾಳೆ ಎರಡೂ ಇರಕೂಡದು. ಪಂಪಿನ ತಲೆಯೂ ಸ್ಟೀಲಿನದಾಗಿರಬೇಕು.

ಮೊದಲನೆಯ ವಿಧಾನದಲ್ಲಿ ನೀರು ಕೆಸರು ಹಿಡಿಯುವ ಫಿಲ್ಟರ್, ಕಾರ್ಬನ್ ಫಿಲ್ಟರ್, ಒತ್ತಡದ ರೆಗ್ಯುಲೇಟರ್ ಮತ್ತು ಮೇಲೆ ಹೇಳಿದ ವಾಲ್ವ್‌ಗಳನ್ನು ದಾಟಿ ಪಂಪಿಗೆ ಬರುತ್ತದೆ. ಪಂಪ್ ಅದನ್ನು ಸಣ್ಣ ಸ್ಟೀಲ್ ಟ್ಯಾಂಕಿನೊಳಗೆ ಅನಿಲದ ಒತ್ತಡವನ್ನು ಮೀರಿ ನುಗ್ಗಿಸುತ್ತದೆ. ಕಾರ್ಬನ್ ಫಿಲ್ಟರ್ ಇಲ್ಲಿ ಅನಿವಾರ್ಯ; ಬರಿಯ ನೀರಿನಲ್ಲಿ ಗಮನಕ್ಕೆ ಬಾರದ ಕ್ಲೋರಿನ್ ವಾಸನೆ ಗುಳ್ಳೆಗಳ ಜೊತೆಗೆ ನೇರವಾಗಿ ಮೂಗಿಗೆ ಬಡಿಯುತ್ತದೆ. ಅನಿಲವನ್ನು ಸಾಮಾನ್ಯವಾಗಿ 75ರಿಂದ 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ನಡುವೆ ಇಡುತ್ತಾರೆ. ಒಳಬರುವ ನೀರಿನ ಒತ್ತಡ ಇದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು ಎಂಬುದು ಹಲವರಿಗೆ ತಲೆಕೆಳಗಾದ ಮಾತಿನಂತೆ ಕೇಳಿಸಬಹುದು. ಕಾರಣ ಸರಳವಾಗಿದೆ: ನೀರಿನ ಒತ್ತಡವೇ ಮೇಲುಗೈ ಪಡೆದರೆ ಪಂಪ್ ನಿಂತಿದ್ದಾಗಲೂ ನೀರು ಒಳಗೆ ಹರಿಯುತ್ತಲೇ ಇರುತ್ತದೆ, ಟ್ಯಾಂಕಿನ ನೀರಿನ ಮಟ್ಟ ಅಳೆದು ಪಂಪನ್ನು ಚಾಲೂ ಮಾಡುವ, ನಿಲ್ಲಿಸುವ ಕಡ್ಡಿಗಳ ಆಜ್ಞೆಗೆ ಅರ್ಥವಿರುವುದಿಲ್ಲ, ಟ್ಯಾಂಕಿನಲ್ಲಿ ಅನಿಲಕ್ಕೆ ಜಾಗವೇ ಉಳಿಯದೆ ನಲ್ಲಿಯಲ್ಲಿ ಸಪ್ಪೆ ನೀರು ಬರುತ್ತದೆ. ನಾನು ರೆಗ್ಯುಲೇಟರನ್ನು 40 ಪಿಎಸ್‌ಐಗೆ ಹೊಂದಿಸಿದ್ದೆ.

ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಸಣ್ಣ ಗೇಜ್ ಕೂರಿಸಿದ್ದು ಈ ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಕಲಿಸಿದ ಭಾಗ. ಪಂಪ್ ಚಾಲೂ ಆದ ಕ್ಷಣ ಮುಳ್ಳು 40ರಿಂದ 30ಕ್ಕೆ ಇಳಿದು ನಿಲ್ಲುತ್ತದೆ, ಪಂಪ್ ನಿಂತೊಡನೆ ಮತ್ತೆ ಏರುತ್ತದೆ. ಫಿಲ್ಟರ್ ಕಟ್ಟಿಕೊಳ್ಳುತ್ತಾ ಬಂದಂತೆ ಆ ಇಳಿತ ಹೆಚ್ಚುತ್ತದೆ, ನಿಂತ ನೀರಿನ ಒತ್ತಡ ಮಾತ್ರ ಮೊದಲಿನಷ್ಟೇ ಇರುತ್ತದೆ. ಹೀಗಾಗಿ ಪಂಪ್ ಓಡುತ್ತಿರುವಾಗ ನೋಡಿದ ಅಂಕಿಗೆ ಮಾತ್ರ ಬೆಲೆ. ಕಾಲು ಇಂಚಿನ ಟ್ಯೂಬ್ ತೆಗೆದು ಮುಕ್ಕಾಲು ಭಾಗದ ದೂರಕ್ಕೆ 3/8 ಇಂಚಿನದನ್ನು ಹಾಕಿದಾಗ ಇದೇ ಇಳಿತ ಗಣನೀಯವಾಗಿ ತಗ್ಗಿತು. ಈ ಪಂಪುಗಳ ಒಳಗಿನ ಗ್ರಾಫೈಟ್ ಅಲಗುಗಳನ್ನು ತಂಪಾಗಿಡುವುದೂ ಜಾರುವಂತೆ ಮಾಡುವುದೂ ನೀರೇ ಆದ್ದರಿಂದ ನೀರಿಲ್ಲದೆ ಓಡಿದರೆ ಅವು ಬೇಗ ಸವೆದುಹೋಗುತ್ತವೆ. ಒತ್ತಡ ಕುಸಿದರೆ ಪಂಪಿನ ವಿದ್ಯುತ್ ಕಡಿಯುವ ಸ್ವಿಚ್ ಇಲ್ಲದೆ ಈ ವಿಧಾನಕ್ಕೆ ಇಳಿಯಬಾರದು.

ಆರ್‌ಒ ಟ್ಯಾಂಕಿನ ವಿಧಾನ ಕಾಗದದ ಮೇಲೆ ಆಕರ್ಷಕವಾಗಿದ್ದರೂ ಲೆಕ್ಕಕ್ಕೆ ಕೂತರೆ ದುರ್ಬಲವಾಗಿ ಕಾಣುತ್ತದೆ. ದಿನಕ್ಕೆ 75 ಗ್ಯಾಲನ್ ಎಂದು ಬರೆದಿರುವ ಮೆಂಬ್ರೇನ್ (ನೀರು ಸೋಸುವ ಪೊರೆ) ಅತ್ಯುತ್ತಮ ಸ್ಥಿತಿಯಲ್ಲಿ ಕೊಡುವುದು ಗಂಟೆಗೆ ಸುಮಾರು 12 ಲೀಟರ್. ಗಂಟೆಗೆ 100 ಗ್ಯಾಲನ್ ಸಾಮರ್ಥ್ಯದ ಪಂಪ್ ಓಡುವಾಗ ಎಳೆಯುವುದು ನಿಮಿಷಕ್ಕೆ ಸುಮಾರು 6 ಲೀಟರ್. ನಡುವಿನ ಅಂತರವನ್ನು ತುಂಬಬೇಕಾದದ್ದು ರಬ್ಬರ್ ಚೀಲವಿರುವ ಒತ್ತಡದ ಟ್ಯಾಂಕ್. ಅದು ಖಾಲಿಯಾಗುತ್ತಾ ಬಂದಂತೆ ಅದರ ಒತ್ತಡವೂ ಇಳಿಯುತ್ತದೆ. ಹಲವು ಲೋಟಗಳನ್ನು ಒಂದರ ಹಿಂದೆ ಒಂದು ತುಂಬಿಸಿದಾಗ ಪಂಪಿನ ಗಂಭೀರ ಗುಂಯ್‌ಗುಡುವಿಕೆ ಕೀರಲು ದನಿಗೆ ತಿರುಗುವುದನ್ನು ಪಕ್ಕದ ಕೋಣೆಯಿಂದಲೂ ಕೇಳಬಹುದಿತ್ತು. ಇನ್ನೊಂದು ತೊಡಕು ಮಟ್ಟದ ಕಡ್ಡಿಗಳದ್ದು: ಅವು ನೀರಿನ ವಿದ್ಯುತ್ ವಾಹಕತೆಯನ್ನು ನಂಬಿ ಕೆಲಸ ಮಾಡುತ್ತವೆ, ಆರ್‌ಒ ನೀರಿನಲ್ಲಿ ಅದು ತೀರಾ ಕಡಿಮೆ. ರುಚಿಯ ವಿಷಯದಲ್ಲೂ ನನಗೆ ಇದು ಹಿಡಿಸಲಿಲ್ಲ. ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ ಬಹುಪಾಲು ಹೋಗಿರುವುದರಿಂದ ಸೋಡಾ ಹರಿತವಾಗಿ, ಹುಳಿಯಾಗಿ ನಾಲಿಗೆಗೆ ತಾಗುತ್ತದೆ. ಖನಿಜ ಸೇರಿಸುವ ಕಾರ್ಟ್ರಿಜ್ ಜೋಡಿಸಿದರೆ ಸುಧಾರಿಸುತ್ತದೆ, ಆದರೆ ತೆಗೆದದ್ದನ್ನೇ ಮತ್ತೆ ಹಾಕಲು ಇಷ್ಟು ಸುತ್ತು ಬೇಕೇ ಎನ್ನಿಸುತ್ತದೆ. ಮೂಲ ನೀರೇ ಉಪ್ಪಾಗಿದ್ದರೆ ಮಾತು ಬೇರೆ.

ಮೂರನೆಯ ವಿಧಾನದಲ್ಲಿ ಪಂಪೇ ಇಲ್ಲ. 19 ಲೀಟರಿನ ಕೆಗ್ ಫ್ರಿಜ್ಜಿನೊಳಗೆ 3–4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ, ಅದರೊಳಗೆ ಒಂದು ಫ್ಲೋಟ್ ವಾಲ್ವ್ ಇರುತ್ತದೆ, ಮಟ್ಟ ಇಳಿದಾಗ ಲೈನಿನ ನೀರು ತಾನಾಗಿಯೇ ಬರುತ್ತದೆ. ಇದು ಸಾಧ್ಯವಾಗುವುದು ತಣ್ಣಗಿನ ನೀರಿನ ಗುಣದಿಂದ. ಲೀಟರಿಗೆ 8 ಗ್ರಾಂ ಅನಿಲ ಕರಗಬೇಕಾದರೆ 25 ಡಿಗ್ರಿಯಲ್ಲಿ ಸುಮಾರು 65 ಪಿಎಸ್‌ಐ ಬೇಕಾಗುತ್ತದೆ, 3 ಡಿಗ್ರಿಯ ಆಸುಪಾಸಿನಲ್ಲಿ 25 ಪಿಎಸ್‌ಐ ಸಾಕು. ಹೀಗಾಗಿ ಅನಿಲವನ್ನು 30ಕ್ಕೆ ಇಟ್ಟರೂ 50 ಪಿಎಸ್‌ಐನ ಲೈನ್ ಅದನ್ನು ಸುಲಭವಾಗಿ ಮೀರುತ್ತದೆ. ಇಲ್ಲಿ ನಿಯಮ ಮೊದಲನೆಯದಕ್ಕೆ ವಿರುದ್ಧ: ನೀರೇ ಅನಿಲಕ್ಕಿಂತ ಬಲವಾಗಿರಬೇಕು. ಒಂದು ವ್ಯವಸ್ಥೆಯ ರೆಗ್ಯುಲೇಟರ್ ಹೊಂದಾಣಿಕೆಯನ್ನು ಇನ್ನೊಂದಕ್ಕೆ ನಕಲು ಮಾಡಲಾಗದು.

ಸದ್ದಿಲ್ಲದಿರುವುದು, ಗುಳ್ಳೆಗಳು ಸಣ್ಣದಾಗಿ ಹೆಚ್ಚು ಹೊತ್ತು ನಿಲ್ಲುವುದು ಇದರ ಹಿರಿಮೆ. ಕೊರತೆಯೆಂದರೆ ನಿಧಾನ. ಒಮ್ಮೆಗೆ ಹೆಚ್ಚು ನೀರು ತೆಗೆದರೆ ಹೊಸ ನೀರು ತಣ್ಣಗಾಗಿ ಅನಿಲ ಹೀರಿಕೊಳ್ಳಲು ಗಂಟೆಗಟ್ಟಲೆ ಕಾಯಬೇಕು. ಪ್ರತಿ ಸಲ ತುಂಬಿದಾಗಲೂ ನೀರಿನಲ್ಲಿ ಕರಗಿದ್ದ ಗಾಳಿ ಬಿಡುಗಡೆಯಾಗಿ ಮೇಲ್ಭಾಗದಲ್ಲಿ ಸೇರುತ್ತದೆ, ಗೇಜ್ 30 ತೋರಿಸುತ್ತಿದ್ದರೂ ಸೋಡಾ ಸಪ್ಪೆಯಾಗುತ್ತದೆ. ರಿಲೀಫ್ ವಾಲ್ವ್ ಆಗಾಗ ಎಳೆದು ಆ ಗಾಳಿಯನ್ನು ಹೊರಬಿಡಬೇಕು. ಪಂಪಿನ ಟ್ಯಾಂಕಿಗೂ ಇದೇ ಉಪಚಾರ ಬೇಕು.

ದಿನಕ್ಕೆ ಕೆಲವೇ ಲೀಟರ್ ಕುಡಿಯುವ, ಲೈನಿನಲ್ಲಿ ಸ್ಥಿರವಾದ ಒತ್ತಡವಿರುವ ಮನೆಗೆ ನಾನು ಕೆಗ್ಗನ್ನೇ ಸೂಚಿಸುತ್ತೇನೆ. ನನ್ನಲ್ಲಿ ಈಗ ಉಳಿದಿರುವುದೂ ಅದೇ. ಒಂದೇ ಹೊತ್ತಿನಲ್ಲಿ ಹತ್ತಾರು ಲೋಟ ತುಂಬಿಸಬೇಕಾದ ಕಡೆ ಮೊದಲನೆಯದಕ್ಕೆ ಸಾಟಿಯಿಲ್ಲ. ಯಾವುದನ್ನೇ ಆರಿಸಿದರೂ ಅದು ಸದಾ ಒತ್ತಡದಲ್ಲಿರುವ ಸಂಪರ್ಕವಾದ್ದರಿಂದ ನೆಲದ ಮೇಲೆ ಸೋರಿಕೆಯ ಸೆನ್ಸರ್, ಅದಕ್ಕೆ ಜೋಡಿಸಿದ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಮತ್ತು ಕೈಗೆ ಸುಲಭವಾಗಿ ಎಟಕುವಲ್ಲಿ ಒಂದು ಬಾಲ್ ವಾಲ್ವ್ ಇರಲಿ. ಮನೆ ಬಿಟ್ಟು ಹೊರಡುವಾಗ ಆ ಬಾಲ್ ವಾಲ್ವನ್ನು ಮುಚ್ಚಿ, ಪಂಪ್ ಇದ್ದರೆ ಅದರ ಸ್ವಿಚ್ಚನ್ನೂ ಆರಿಸಬೇಕು.