ಪಾಟ್ ಪೆಟ್ಟಿಗೆ, ಪ್ರಿಸೆಟ್ ಡಬ್ಬಿ, ಬಿಡಿ ಪಾಟ್: ಮೂರನ್ನೂ ಬಳಸಿ ನೋಡಿದ ಮೇಲೆ

ಮನೆಯಲ್ಲಿ ಸರ್ಕ್ಯೂಟ್ ಕಟ್ಟುವ ಹವ್ಯಾಸ ಇರುವವರಿಗೆ ಪಾಟ್ (ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ ಬಿಡಿಭಾಗ) ಕೊಳ್ಳಲು ಮೂರು ದಾರಿ ಇವೆ. ಆನ್‌ಲೈನಿನಲ್ಲಿ ಸಿಗುವ, ಹಲವು ವ್ಯಾಲ್ಯೂಗಳ ದೊಡ್ಡ ಪಾಟ್ ಪೆಟ್ಟಿಗೆ ಒಂದು. ಅಲ್ಲೇ ಸಿಗುವ ನೀಲಿ ಪ್ರಿಸೆಟ್‌ಗಳ, ಅಂದರೆ ಸ್ಕ್ರೂ ತಿರುಗಿಸಿ ಒಮ್ಮೆ ಹದ ಮಾಡಿ ಬಿಡುವ ಪುಟ್ಟ ಪಾಟ್‌ಗಳ, ಸಣ್ಣ ಡಬ್ಬಿ ಇನ್ನೊಂದು. ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತು, ಕೈಯಲ್ಲಿ ಹಿಡಿದು ನೋಡಿ, ಬೇಕಾದಷ್ಟೇ ಬಿಡಿಯಾಗಿ ತರುವುದು ಮೂರನೆಯದು. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಡಿ ಪಾಟ್ ತನ್ನಿ, ಜೊತೆಗೊಂದು ಪ್ರಿಸೆಟ್ ಡಬ್ಬಿ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಗೆ ದುಡ್ಡು ಹಾಕಬೇಡಿ.

ಪೆಟ್ಟಿಗೆ ನೋಡಿದರೆ ಆಸೆ ಹುಟ್ಟುವುದೇನೋ ನಿಜ. 1ಕೆಯಿಂದ (ಸಾವಿರ ಓಮ್) 1 ಮೆಗಾ ಓಮ್‌ವರೆಗೆ ಖಾನೆ ಖಾನೆಯಲ್ಲಿ ಜೋಡಿಸಿಟ್ಟ ಪಾಟ್‌ಗಳು, ನಟ್ಟು, ವಾಷರ್, ಬಣ್ಣಬಣ್ಣದ ನಾಬ್. ನನಗೆ ಬಂದವೆಲ್ಲ ಡಬ್ಲ್ಯುಎಚ್148 ಮಾದರಿಯವು. ನಾಬ್ ಸರಿಯಾಗಿಯೇ ಕೂರುತ್ತದೆ, ತಿರುಗಿಸಿದರೆ ಹಿತವಾಗಿಯೂ ಇದೆ. ಮಲ್ಟಿಮೀಟರ್ ಹಚ್ಚಿದಾಗ 10ಕೆ ಅಂದದ್ದು 8.7ಕೆ ತೋರಿಸಿತು. ಇಂಥ ಕಾರ್ಬನ್ ಪಾಟ್‌ಗೆ ಶೇ. 20ರಷ್ಟು ಹೆಚ್ಚುಕಡಿಮೆ ಇದ್ದದ್ದೇ, ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಅದರ ಕಾಲಿನ ಬಗ್ಗೆ. ಮೂರು ಕಾಲುಗಳ ನಡುವೆ ಸುಮಾರು 5 ಮಿಲಿಮೀಟರ್ ಅಂತರ. ಬೆಸುಗೆ ಇಲ್ಲದೆ ತೂತಿಗೆ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡಿನಲ್ಲಿ ಒಂದು ತೂತು ಬಿಟ್ಟು ಇನ್ನೊಂದಕ್ಕೆ 5.08. ಹಾಗಾಗಿ ನೋಡಿದವರಿಗೆ ಕೂರುತ್ತದೆ ಅಂತಲೇ ಅನಿಸುತ್ತದೆ. ಆದರೆ ಕಾಲು ಚಪ್ಪಟೆ ತಗಡಿನದು. ತಂತಿ ಸುತ್ತಿ ಬೆಸುಗೆ ಹಾಕಲೆಂದು ಮಾಡಿದ್ದು. ತೂತಿನ ಒಳಗಿರುವ ಸ್ಪ್ರಿಂಗ್ ತೆಳುವಾದ ತಂತಿಯನ್ನು ಹಿಡಿಯಲು ಮಾಡಿದ್ದು. ಒತ್ತಿ ಕೂರಿಸಿದರೆ ಅರ್ಧ ಒಳಗೆ ಹೋಗಿ ನಿಲ್ಲುತ್ತದೆ, ನಾಬ್ ತಿರುಗಿಸಿದ ಕೂಡಲೇ ಇಡೀ ಪಾಟ್ ಒಂದು ಬದಿಗೆ ವಾಲುತ್ತದೆ. ಇನ್ನೂ ಬಲ ಹಾಕಿದರೆ ಸ್ಪ್ರಿಂಗ್ ಅಗಲವಾಗಿ, ಆಮೇಲೆ ಆ ತೂತು ಮಾಮೂಲಿ ಜಂಪರ್ ತಂತಿಯನ್ನೂ ಹಿಡಿಯುವುದಿಲ್ಲ. ಪಾಟಿನ ಜೊತೆ ಬ್ರೆಡ್‌ಬೋರ್ಡೂ ಹಾಳು.

ಇದರಿಂದ ಆಗುವ ಕಿರಿಕಿರಿ ಎಂಥದೆಂದರೆ, ತಪ್ಪು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಪಾಟಿನ ತುದಿಯ ಎರಡು ಕಾಲನ್ನು 5 ವೋಲ್ಟಿಗೂ ಗ್ರೌಂಡಿಗೂ, ನಡುವಿನದನ್ನು ಅನಲಾಗ್ ಪಿನ್ನಿಗೂ ಕೊಟ್ಟು ಆರ್ಡುಯಿನೊ ಯುನೊ ಎಂಬ ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡಿಗೆ ಹಚ್ಚಿ, ಅದು ಓದಿದ ಅಂಕಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದರೆ 0ಯಿಂದ 1023ರವರೆಗೆ ಅಂಕಿ ಸರಾಗವಾಗಿ ಏರಿ ಇಳಿಯಬೇಕು. 400ರ ಆಸುಪಾಸಿನಲ್ಲಿ ನೆಟ್ಟಗೆ ನಡೆಯುತ್ತಿದ್ದ ಅಂಕಿ ಒಮ್ಮೆಲೇ 1023ಕ್ಕೆ ಜಿಗಿಯುತ್ತದೆ. ಹೊಸಬರು ಮೊದಲು ಅನುಮಾನ ಪಡುವುದು ಕೋಡನ್ನು. ನಮ್ಮ ಅಣ್ಣನ ಮಗ ಎದುರಿಗೆ ಕೂತು ಕೋಡಿನ ಸಾಲು ಸಾಲನ್ನೂ ಬದಲಿಸುತ್ತಿದ್ದ, ತೊಂದರೆ ಇದ್ದದ್ದು ಗ್ರೌಂಡ್ ಕಾಲಿನಲ್ಲಿ. ಅಂಕಿ 1023ಕ್ಕೆ ಹೋಗಿ ಕೂತರೆ ಗ್ರೌಂಡ್ ಕಡೆಯ ಕಾಲು ಬಿಟ್ಟಿದೆ. 0ಗೆ ಬಿದ್ದರೆ 5 ವೋಲ್ಟ್ ಕಡೆಯದು. ಲಂಗುಲಗಾಮಿಲ್ಲದೆ ಅಲೆದಾಡಿದರೆ ನಡುವಿನದು. ಇಷ್ಟು ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ.

ಅಂಕಿ ಜಿಗಿದರೆ ಬರೀ ಬೇಸರ. ಎಲ್‌ಎಂ317 ಎಂಬ ವೋಲ್ಟೇಜ್ ರೆಗ್ಯುಲೇಟರ್ ಚಿಪ್ ಹಾಕಿ ಪವರ್ ಸಪ್ಲೈ ಕಟ್ಟುವಾಗ ಇದೇ ತೊಂದರೆ ಬಂದರೆ ನಷ್ಟ. ಅದರ ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ ಹೋಗುವ ದಾರಿಯಲ್ಲಿ ಪಾಟ್ ಕೂತಿರುತ್ತದೆ. ಅಲ್ಲಿ ಸಂಪರ್ಕ ತಪ್ಪಿತೆಂದರೆ ಔಟ್‌ಪುಟ್ ಇನ್‌ಪುಟ್ಟಿನ ಹತ್ತಿರಕ್ಕೆ ಏರಿಬಿಡುತ್ತದೆ. 5 ವೋಲ್ಟಿನ ಮಾಡ್ಯೂಲಿಗೆ 12 ವೋಲ್ಟ್ ಬಡಿದರೆ ಅದು ಉಳಿಯುವುದಿಲ್ಲ. ಆದ್ದರಿಂದ ಈ ಪಾಟನ್ನು ಬ್ರೆಡ್‌ಬೋರ್ಡಿಗೆ ನೇರವಾಗಿ ಚುಚ್ಚುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಮೂರು ಕಾಲಿಗೂ ಗಿಡ್ಡ ಜಂಪರ್ ತಂತಿ ಬೆಸೆದು, ಮೇಲೆ ಸ್ಲೀವ್ ಹಾಕುತ್ತೇನೆ. ಕಾವು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬೇಡ. ಜಾಸ್ತಿಯಾದರೆ ಕಾಲು ಬುಡದಲ್ಲೇ ಸಡಿಲವಾಗುತ್ತದೆ.

ಅಂಗಡಿಯ ಬಿಡಿ ಪಾಟಿನ ಕಾಲೂ ಇಂಥದ್ದೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪ್ರತಿಯೊಂದಕ್ಕೂ ತಂತಿ ಬೆಸೆದೇ ಬಳಸಬೇಕು ಅಂತಾದರೆ, ಅಷ್ಟೊಂದು ವ್ಯಾಲ್ಯೂ ಕೊಂಡು ಏನು ಮಾಡುವುದು? ನನ್ನ ಕೆಲಸದಲ್ಲಿ ಮೇಲಿಂದ ಮೇಲೆ ಕೈ ಹೋಗುವುದು 10ಕೆಗೆ. ಯುನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಡೇಟಾಶೀಟ್ ಹೇಳುವುದೂ ಅದನ್ನೇ: ಅನಲಾಗ್ ಪಿನ್ನಿಗೆ ಸಿಗ್ನಲ್ ಕೊಡುವ ಕಡೆಯ ಇಂಪೀಡೆನ್ಸ್ (ಒಟ್ಟು ತಡೆ) ಸುಮಾರು 10ಕೆ ಒಳಗಿರಲಿ. 10ಕೆ ಪಾಟನ್ನು ಎಲ್ಲಿಗೆ ತಿರುಗಿಸಿದರೂ ಅದು 2.5ಕೆ ದಾಟುವುದಿಲ್ಲ, ಯಾಕೆಂದರೆ ನಡುವೆ ನಿಂತಾಗಲೂ ಎರಡು 5ಕೆ ಪ್ಯಾರಲಲ್‌ನಲ್ಲಿ ಇದ್ದಂತೆ. 1 ಮೆಗಾ ಪಾಟ್ ಹಾಕಿ ನಡುವೆ ನಿಲ್ಲಿಸಿದರೆ ಅದು 250ಕೆ. ಚಿಪ್ಪಿನ ಒಳಗಿನ ಪುಟ್ಟ ಕೆಪಾಸಿಟರ್ ಅಷ್ಟು ಬೇಗ ತುಂಬುವುದಿಲ್ಲ, ಪಕ್ಕದ ಪಿನ್ನಿನ ಓದು ಇದರಲ್ಲಿ ಬೆರೆಯುತ್ತದೆ. 555 ಟೈಮರಿಗೆ 100ಕೆ ಬೇಕು, ಎಲ್‌ಎಂ317ಕ್ಕೆ 5ಕೆ ಬೇಕು. 240 ಓಮ್ ರೆಸಿಸ್ಟರ್ ಜೊತೆಗಿದ್ದರೆ 1.25ರಿಂದ ಸುಮಾರು 27 ವೋಲ್ಟ್‌ವರೆಗೆ ಸಿಗುತ್ತದೆ. ಪೆಟ್ಟಿಗೆಯ 500ಕೆ, 1 ಮೆಗಾ ಖಾನೆಗಳು ನನ್ನಲ್ಲಿ ಇವತ್ತಿಗೂ ಬಂದಾಗಿದ್ದಂತೆಯೇ ಇವೆ.

ಪೆಟ್ಟಿಗೆಯ ಇನ್ನೊಂದು ಕೊರತೆ, ಎಲ್ಲದರ ಮೇಲೂ ಬಿ ಅಂತಲೇ ಬರೆದಿರುವುದು. ಬಿ ಅಂದರೆ ತಿರುಗಿಸಿದಷ್ಟೇ ಸಮವಾಗಿ ರೆಸಿಸ್ಟೆನ್ಸ್ ಬದಲಾಗುವುದು. ಎಲ್‌ಎಂ386ರ ಸಣ್ಣ ಆಂಪ್ಲಿಫೈಯರಿಗೆ ವಾಲ್ಯೂಮ್ ಅಂತ ಅದನ್ನು ಹಾಕಿದರೆ, ಸ್ವಲ್ಪ ತಿರುಗಿಸುವಷ್ಟರಲ್ಲೇ ಸದ್ದು ಒಮ್ಮೆಲೇ ಏರಿಬಿಡುತ್ತದೆ, ಉಳಿದ ಮುಕ್ಕಾಲು ಸುತ್ತಿನಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಅಂಗಡಿಯಲ್ಲಾದರೆ ಕಾಕಾ ನಾನು ಬಾಯಿ ಬಿಡುವ ಮೊದಲೇ ಕೇಳಿದ್ದರು: “ವಾಲ್ಯೂಮಿಗೆ ಹಾಕಾವ್ರೇನ್ರಿ? ಹಂಗಿದ್ರ ಎ ತಗೋರಿ, ಬಿ ಬ್ಯಾಡ್ರಿ.” ಎ ಅಂದರೆ ಮೊದಲು ನಿಧಾನವಾಗಿ, ಕೊನೆಗೆ ಬೇಗ ಬದಲಾಗುವುದು. ಪೆಟ್ಟಿಗೆ ಹೀಗೆ ಕೇಳುವುದಿಲ್ಲ. ಅಕ್ಷರ ಅಳಿಸಿಹೋಗಿದ್ದರೆ ನಾಬನ್ನು ಸರಿಯಾಗಿ ನಡುವೆ ನಿಲ್ಲಿಸಿ, ನಡುವಿನ ಕಾಲಿನಿಂದ ಎರಡು ತುದಿಗೂ ಮೀಟರ್ ಹಚ್ಚಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಂದರೆ ಬಿ. ಒಂದು ಕಡೆ ಒಟ್ಟಿನ ಹತ್ತರಲ್ಲೊಂದು ಪಾಲಿನಷ್ಟು, ಇನ್ನೊಂದು ಕಡೆ ಉಳಿದದ್ದೆಲ್ಲ ಬಂದರೆ ಎ. ಬಿ10ಕೆಯ ನಡುವಿನ ಕಾಲಿನಿಂದ ಗ್ರೌಂಡಿಗೆ 1ಕೆ ರೆಸಿಸ್ಟರ್ ಹಾಕಿದರೂ ಕಿವಿಗೆ ಎ ಹಾಗೆಯೇ ಅನಿಸುತ್ತದೆ. ಮೊಬೈಲಿನ ಹೆಡ್‌ಫೋನ್ ತೂತಿನಿಂದ ಸಿಗ್ನಲ್ ಕೊಡುವುದಾದರೆ ಅದು ನಡೆದೀತು. ಬಡವಾದ ಸಿಗ್ನಲ್‌ಗೆ ಆ ಭಾರ ಹೆಚ್ಚಾಗುತ್ತದೆ.

ಪ್ರಿಸೆಟ್ ಡಬ್ಬಿಗೆ ಮಾತ್ರ ನನ್ನ ಪೂರ್ತಿ ಬೆಂಬಲ. ಅದರಲ್ಲೂ 3296ಡಬ್ಲ್ಯು ಮಾದರಿ, ಮೇಲೆ ಹಿತ್ತಾಳೆ ಬಣ್ಣದ ಪುಟ್ಟ ಸ್ಕ್ರೂ ಇರುವಂಥದ್ದು. ಕಾಲು ತೆಳು ಮತ್ತು ಗುಂಡು, ಬ್ರೆಡ್‌ಬೋರ್ಡಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಈ ತುದಿಯಿಂದ ಆ ತುದಿಗೆ ಸುಮಾರು 25 ಸುತ್ತು, ಹಾಗಾಗಿ 5.00 ವೋಲ್ಟ್ ಬೇಕೆಂದರೆ ಅಲ್ಲಿಗೇ ತಂದು ನಿಲ್ಲಿಸಬಹುದು. ಮೇಲೆ ಬರೆದಿರುವ 103 ಅಂದರೆ 10ಕೆ, 104 ಅಂದರೆ 100ಕೆ, 502 ಅಂದರೆ 5ಕೆ. ಇಲ್ಲಿ ಹಲವು ವ್ಯಾಲ್ಯೂ ಇರುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಒಂದೊಂದು ಸರ್ಕ್ಯೂಟಿನ ಹದಕ್ಕೆ ಒಂದೊಂದು ಬೇಕು. ದಿನಾ ತಿರುಗಿಸುವ ಕೆಲಸಕ್ಕೆ ಮಾತ್ರ ಹಾಕಬೇಡಿ. ಬೌರ್ನ್ಸ್ ಕಂಪನಿ ತನ್ನ ಅಸಲಿ 3296ಕ್ಕೇ ತುದಿಯಿಂದ ತುದಿಗೆ 200 ಬಾರಿ ತಿರುಗಿಸುವಷ್ಟು ಆಯುಷ್ಯ ಅಂತ ಬರೆದಿದೆ. ಅದೇ ಡಬ್ಬಿಯಲ್ಲಿ ಕೆಲವೊಮ್ಮೆ ಬರುವ, ಮೇಲ್ಭಾಗ ತೆರೆದಿರುವ ಅಗ್ಗದ ಪ್ರಿಸೆಟ್ ನಮ್ಮ ಹುಬ್ಬಳ್ಳಿ ಧೂಳಿಗೆ ತಾಳುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಪೆಟ್ಟಿಗೆಗೆ ಕೊಟ್ಟ ಮುನ್ನೂರು ಚಿಲ್ಲರೆಯಲ್ಲಿ ಬಿ10ಕೆ ಆರು, ಬಿ100ಕೆ ಎರಡು, 5ಕೆ ಎರಡು, ಎ10ಕೆ ಎರಡು ಬಿಡಿಯಾಗಿ ತಂದು, ಮೇಲೆ ಒಂದಿಷ್ಟು ಉಳಿಯುತ್ತಿತ್ತು. ನಾನು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಬರುವವನು. ಸಂಜೆ ಕೊಪ್ಪೀಕರ ರೋಡ್ ಕಡೆ ಹಾಯ್ದು ಹೋಗುವುದು ನನಗೆ ದೊಡ್ಡ ಮಾತಲ್ಲ.

ರೋಣ, ಶಿರಹಟ್ಟಿ, ಹಾನಗಲ್ ಕಡೆಯವರಿಗೆ ಆ ಅನುಕೂಲ ಇಲ್ಲ. ಅಂಥವರು ಆನ್‌ಲೈನಿನಲ್ಲೇ ತರಿಸುವುದಾದರೆ ಬಗೆಬಗೆ ವ್ಯಾಲ್ಯೂ ಇರುವ ಪೆಟ್ಟಿಗೆಯ ಬದಲು ಬಿ10ಕೆ ಒಂದನ್ನೇ ಹತ್ತರ ಪ್ಯಾಕೆಟ್ ತರಿಸಿ. ಸ್ಟೀರಿಯೊಗೆ ಬೇಕಾಗುವ, ಒಂದೇ ನಾಬಿಗೆ ಎರಡು ಪಾಟ್ ಸೇರಿಸಿದ ಆರು ಕಾಲಿನ ಪಾಟನ್ನು ಮಾತ್ರ ಹುಬ್ಬಳ್ಳಿಗೆ ಬಂದಾಗ ಕೈಯಾರೆ ಆರಿಸಿ ಕೊಳ್ಳಿ, ಬರುವಾಗ ಮೀಟರ್ ಚೀಲದಲ್ಲಿರಲಿ. ನಾಬನ್ನು ಕಾಲು, ಅರ್ಧ, ಮುಕ್ಕಾಲು ಸುತ್ತಿನಲ್ಲಿ ನಿಲ್ಲಿಸಿ ಎರಡೂ ಸಾಲು ಅಳೆದು ನೋಡಿ. ಅವೆರಡರ ನಡುವೆ ಬಹಳ ಅಂತರ ಬಂದರೆ ಬೇರೆಯದು ಕೇಳಿ. ಇಲ್ಲದಿದ್ದರೆ ಸದ್ದು ಕಡಿಮೆ ಇಟ್ಟಾಗ ಹಾಡು ಒಂದೇ ಸ್ಪೀಕರಿನ ಕಡೆ ಸರಿದು ಕೂರುತ್ತದೆ.