ಏರದ ಕಿಟಕಿ ಗಾಜಿಗೆ ಯಾವ ರಿಪೇರಿ ಮೊದಲು? ಸಿಲಿಕೋನ್ ಸ್ಪ್ರೇಯಿಂದ ಹೊಸ ವಿಂಡೋ ಮಷೀನಿನವರೆಗೆ ಒಂದು ಹೋಲಿಕೆ

ಕಾರಿನ ಪವರ್ ವಿಂಡೋದ (ಗುಂಡಿ ಒತ್ತಿ ಏರಿಸಿ ಇಳಿಸುವ ಕಿಟಕಿಯ) ಗಾಜು ನಿಧಾನವಾಗಿ ಏರತೊಡಗಿದರೆ ಅಥವಾ ಅರ್ಧಕ್ಕೆ ನಿಂತುಬಿಟ್ಟರೆ, ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಮೊದಲು ಕೇಳಿಬರುವುದು ‘ಮೋಟಾರ್ ಹೋಗಿದೆ’ ಎಂಬ ಮಾತು. ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ನಾಲ್ಕು ಬಾಗಿಲುಗಳೂ ಒಂದಲ್ಲ ಒಂದು ಕಾಲಕ್ಕೆ ಹೀಗೆ ತೊಂದರೆ ಕೊಟ್ಟಿರುವುದರಿಂದ ಗಾಜಿನ ರಬ್ಬರ್ ಬೀಡಿಂಗ್ (ಗಾಜಿನ ಅಂಚು ಜಾರುವ ರಬ್ಬರ್ ಪಟ್ಟಿ) ಶುಚಿಗೊಳಿಸುವುದು, ಸ್ವಿಚ್ಚು ಬಿಚ್ಚಿ ತೊಳೆಯುವುದು, ಹೊಸ ಸ್ವಿಚ್ಚು ಹಾಕುವುದು, ಕೊನೆಗೆ ಬಾಗಿಲೊಳಗೆ ಕೂತು ಗಾಜನ್ನು ಏರಿಸಿ ಇಳಿಸುವ, ಮೋಟಾರೂ ಸೇರಿದ ವಿಂಡೋ ಮಷೀನನ್ನೇ ಬದಲಿಸುವುದು, ಇವೆಲ್ಲವನ್ನೂ ಮಾಡಿ ನೋಡಿದ್ದೇನೆ. ಮೋಟಾರಿನ ಸರದಿ ಕೊನೆಯಲ್ಲಿ ಬರಬೇಕು ಎಂಬುದು ಇದರಿಂದ ನನಗೆ ದೃಢವಾಗಿರುವ ಅಭಿಪ್ರಾಯ.

ಯಾವ ದಾರಿ ಹಿಡಿಯಬೇಕೆಂಬುದನ್ನು ದೋಷದ ಲಕ್ಷಣವೇ ಹೇಳುತ್ತದೆ. ಎಲ್ಲ ಗಾಜುಗಳೂ ಒಟ್ಟಿಗೆ ನಿಂತಿದ್ದರೆ ಫ್ಯೂಸು ಅಥವಾ ರಿಲೇ ನೋಡಬೇಕು. ಹಿಂದಿನ ಗಾಜು ತನ್ನದೇ ಬಾಗಿಲಿನ ಸ್ವಿಚ್ಚಿಗೂ ಕದಲದಿದ್ದರೆ, ಚಾಲಕನ ಬದಿಯ ಕಿಟಕಿ-ಲಾಕ್ ಗುಂಡಿ ಒತ್ತಿದ ಸ್ಥಿತಿಯಲ್ಲಿದೆಯೇ ಎಂದು ಮೊದಲು ನೋಡಿ. ಅನೇಕ ಕಾರುಗಳಲ್ಲಿ ಉಳಿದ ಬಾಗಿಲುಗಳ ಮೋಟಾರಿಗೆ ಅರ್ಥ್ (ಕರೆಂಟು ಮರಳಿ ಹೋಗುವ ದಾರಿ) ಸಿಗುವುದು ಎಲ್ಲ ಕಿಟಕಿಗಳ ಗುಂಡಿಗಳಿರುವ ಚಾಲಕನ ಮಾಸ್ಟರ್ ಸ್ವಿಚ್ಚಿನ ಮೂಲಕವೇ ಆದ್ದರಿಂದ, ಆ ಸ್ವಿಚ್ಚಿನೊಳಗೆ ಸಂಪರ್ಕ ಕೆಟ್ಟರೆ ಹಿಂದಿನ ಬಾಗಿಲಿನ ಒಳ್ಳೆಯ ಮೋಟಾರೂ ಸತ್ತಂತೆ ಕಾಣುತ್ತದೆ. ಮತ್ತೆ ಮತ್ತೆ ಗುಂಡಿ ಒತ್ತಿದಾಗ ನಿಂತುಹೋಗಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಾನಾಗಿಯೇ ಓಡುವ ಮೋಟಾರು ಬಿಸಿಯಾಗಿ ತನ್ನೊಳಗಿನ ರಕ್ಷಣಾ ವ್ಯವಸ್ಥೆಯಿಂದ ನಿಂತಿರುತ್ತದೆ. ಅದು ಬಿಸಿಯಾಗಲು ಗಾಜಿನ ದಾರಿಯಲ್ಲಿರುವ ಬಿಗಿಯೇ ಬಹುಮಟ್ಟಿಗೆ ಕಾರಣ.

ಆ ಬಿಗಿಗೆ ಎರಡು ಪರಿಹಾರಗಳಿವೆ. ಸಿಲಿಕೋನ್ ಸ್ಪ್ರೇ ಅಗ್ಗ, ಸುಲಭ; ಆದರೆ ಬೀಡಿಂಗ್ ಶುಚಿ ಮಾಡದೆ ಮೇಲಿಂದ ಸಿಂಪಡಿಸಿದಾಗ ಅದರ ಗುಣ ಕೆಲವೇ ದಿನ ನಿಂತಿತು. ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ, ಗಾಜನ್ನು ಪೂರ್ತಿ ಇಳಿಸಿ, ಬೀಡಿಂಗಿನ ತೋಡಿನೊಳಗೆ ಮೇಲಿನಿಂದ ಕೆಳಕ್ಕೆ ಎಳೆದಾಗ ಕೆಂಪು ಧೂಳು ರಬ್ಬರಿನ ಕರಿಯೊಂದಿಗೆ ಕಲೆತು ಸಾರಣೆಯಂತೆ ಬಟ್ಟೆಗೆ ಹತ್ತಿಕೊಂಡು ಬಂತು. ಬಟ್ಟೆ ಶುಭ್ರವಾಗಿ ಬರುವವರೆಗೆ ಒರೆಸಿ, ಒಣಗಿಸಿ, ಆಮೇಲೆ ಸ್ಪ್ರೇ ಹೊಡೆದಾಗ ಗಾಜಿನ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಗ್ರೀಸು, ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಇವು ಇಲ್ಲಿಗೆ ಸಲ್ಲವು, ಏಕೆಂದರೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ ಮತ್ತು ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಬಹುದು. ರಬ್ಬರು ಗಟ್ಟಿಯಾಗಿ ಮೂಲೆಯಲ್ಲಿ ಸೀಳಿದ್ದರೆ ಮಾತ್ರ ಹೊಸ ಬೀಡಿಂಗಿಗೆ ಹಣ ಹಾಕಬೇಕು.

ಸ್ವಿಚ್ಚಿನ ವಿಷಯದಲ್ಲಿ ತೊಳೆಯುವುದೋ ಬದಲಿಸುವುದೋ ಎಂಬುದನ್ನು ಮೋಟಾರಿನ ಕನೆಕ್ಟರಿನಲ್ಲಿ ಅಳೆದು ನಿರ್ಧರಿಸುವುದು ಒಳ್ಳೆಯದು. ಕನೆಕ್ಟರ್ ಕಳಚಿ ಮಲ್ಟಿಮೀಟರ್ ಹಿಡಿದರೆ ಸುಟ್ಟ ಸ್ವಿಚ್ಚು ಕೂಡ 12 ವೋಲ್ಟ್ ತೋರಿಸಬಹುದು, ಏಕೆಂದರೆ ಮೀಟರ್ ಹೆಚ್ಚು ಕರೆಂಟು ಎಳೆಯುವುದಿಲ್ಲ. ಅದೇ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಕೊಟ್ಟು ಗುಂಡಿ ಒತ್ತಿದರೆ ನಿಜ ಬಯಲಾಗುತ್ತದೆ: ಬಲ್ಬು ಪ್ರಖರವಾಗಿ ಉರಿದರೆ ಸ್ವಿಚ್ಚು, ವೈರುಗಳ ಮೇಲಿನ ಸಂಶಯ ಬಹುಮಟ್ಟಿಗೆ ತೀರುತ್ತದೆ; ಮಂಕಾದರೆ ದೋಷ ಮೋಟಾರಿಗಿಂತ ಹಿಂದೆಯೇ ಇದೆ. ನನ್ನ ಕಾರಿನ ಮಾಸ್ಟರ್ ಸ್ವಿಚ್ಚನ್ನು ಬಿಚ್ಚಿದಾಗ ತಾಮ್ರದ ಪುಟ್ಟ ಪಟ್ಟಿಗಳ ತುದಿ ಕಿಡಿಯಿಂದ ಕಪ್ಪಾಗಿತ್ತು. ಕಾಂಟ್ಯಾಕ್ಟ್ ಕ್ಲೀನರಿನಿಂದ (ವಿದ್ಯುತ್ ಸಂಪರ್ಕಗಳನ್ನು ಶುಚಿಗೊಳಿಸುವ ಸ್ಪ್ರೇ) ತೊಳೆದ ಮೇಲೆ ಅದು ಇಂದಿಗೂ ಸರಿಯಾಗಿದೆ. ತುದಿಯಲ್ಲಿ ಗುಳಿ ಬಿದ್ದಿದ್ದ ಇನ್ನೊಂದು ಸ್ವಿಚ್ಚು ಮಾತ್ರ ತೊಳೆದರೂ ಬೇಗನೆ ಮತ್ತೆ ಕೈಕೊಟ್ಟಿತು, ಅದಕ್ಕೆ ಹೊಸದೇ ಗತಿಯಾಯಿತು. ಬೀಡಿಂಗಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಸ್ವಿಚ್ಚಿನ ಬಳಿ ಸುಳಿಯದಂತೆ ಎಚ್ಚರವಹಿಸಬೇಕು. ಕಿಡಿ ಹಾರುವ ಜಾಗದಲ್ಲಿ ಅದು ಕರೆಂಟು ಹರಿಯದ ಪದರವಾಗಿ ಕೂರುತ್ತದೆ.

ಬಾಗಿಲು ತೆರೆದಾಗ ಓಡಿ ಮುಚ್ಚಿದಾಗ ನಿಲ್ಲುವ ಗಾಜಿಗೆ ಸ್ವಿಚ್ಚು ತೊಳೆಯುವುದೂ ಬೇಡ, ಬದಲಿಸುವುದೂ ಬೇಡ. ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ಮಡಚಿ ಮಡಚಿ ತುಂಡಾದ ವೈರನ್ನು ಹುಡುಕಿ ಬೆಸುಗೆ ಹಾಕಿಸಿದರೆ ಸಾಕು. ಅತಿ ಹೆಚ್ಚು ತೆರೆದು ಮುಚ್ಚುವ ಚಾಲಕನ ಬಾಗಿಲಿನಲ್ಲಿ ಇದು ಹೆಚ್ಚು.

ಮೋಟಾರು ಓಡುವ ಸದ್ದು ಕೇಳಿ ಗಾಜು ಕದಲದಿದ್ದರೆ, ಅಥವಾ ಕಟಕಟ ಎಂದು ಸದ್ದಾಗಿ ಗಾಜು ಒಳಗೆ ಕುಸಿದರೆ, ವಿಂಡೋ ಮಷೀನಿನ ಕೇಬಲ್ಲೋ ಪ್ಲಾಸ್ಟಿಕ್ ಗಾಲಿಯೋ ಮುರಿದಿರುತ್ತದೆ. ಇಲ್ಲಿ ಆಯ್ಕೆಗಳು ಮೂರು: ಕಂಪನಿಯ ಹೊಸ ಸೆಟ್ಟು, ಅಗ್ಗದ ನಕಲು ಸೆಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ವಿಚಾರಿಸಿದರೆ ದೊರೆಯುವ ಬಳಸಿದ ಅಸಲಿ ಸೆಟ್ಟು. ನಕಲು ಸೆಟ್ಟಿನ ಬೋಲ್ಟಿನ ತೂತುಗಳು ಕೂದಲೆಳೆಯಷ್ಟು ಆಚೀಚೆ ಇದ್ದು ಗಾಜು ಓರೆಯಾಗಿ ಏರಿತು, ಮೇಲಿನ ಮೂಲೆಯಲ್ಲಿ ಗಾಳಿಯ ಸದ್ದು ಹುಟ್ಟಿತು. ಬಳಸಿದ ಅಸಲಿ ಸೆಟ್ಟು ಜಾಗಕ್ಕೆ ಸರಿಯಾಗಿ ಕೂತಿತು. ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು, ವೈರು ಅದಲುಬದಲು ಮಾಡಿ, ಎರಡೂ ದಿಕ್ಕಿಗೆ ಓಡಿಸಿ ನೋಡಿಯೇ ತೆಗೆದುಕೊಳ್ಳಬೇಕು. ಹಣವಿದ್ದರೆ ಕಂಪನಿಯದು, ಇಲ್ಲದಿದ್ದರೆ ಬಳಸಿದ ಅಸಲಿಯದು. ನಕಲನ್ನು ನಾನು ಇನ್ನು ಕೊಳ್ಳುವುದಿಲ್ಲ. ಕತ್ತರಿಯಂತೆ ಅಡ್ಡಹಾಯುವ ತೋಳುಗಳಿಂದ ಗಾಜನ್ನು ಎತ್ತುವ ಕತ್ತರಿ ಮಾದರಿಯ ಮಷೀನಿನಲ್ಲಿ ಬಿಗಿದ ಸ್ಪ್ರಿಂಗ್ ಇರುವುದರಿಂದ, ತೋಳನ್ನು ಕಟ್ಟದೆ ಮೋಟಾರು ಬಿಚ್ಚಿದರೆ ಬೆರಳಿಗೆ ಅಪಾಯ. ಈ ಒಂದು ಕೆಲಸವನ್ನು ಅನುಭವವಿದ್ದವರಿಗೆ ಬಿಡುವುದು ಲೇಸು.

ಬ್ಯಾಟರಿ ಕಳಚಿದ ಬಳಿಕ ಒಂದೇ ಒತ್ತಿಗೆ ಏರುತ್ತಿದ್ದ ಗಾಜು ಏರದಿದ್ದರೆ ಹೆದರಬೇಕಿಲ್ಲ. ಬಹಳಷ್ಟು ಕಾರುಗಳಲ್ಲಿ ಗಾಜನ್ನು ಪೂರ್ತಿ ಮುಚ್ಚಿ ಗುಂಡಿಯನ್ನು ಕೆಲವು ಸೆಕೆಂಡು ಎಳೆದು ಹಿಡಿದರೆ ಅದು ಮತ್ತೆ ಹೊಂದಿಕೊಳ್ಳುತ್ತದೆ. ಯಾವ ರಿಪೇರಿ ಮಾಡಿಸಿದರೂ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಅಂಟಿಸಿದ್ದಾರೆಯೇ ಎಂದು ಟ್ರಿಮ್ (ಬಾಗಿಲಿನ ಒಳಹೊದಿಕೆ) ಮುಚ್ಚುವ ಮುನ್ನ ನೀವೇ ನೋಡಿ, ಏಕೆಂದರೆ ಗಾಜಿನ ಬದಿಯಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಕ್ಯಾಬಿನ್ನಿಗೂ ಸ್ಪೀಕರಿಗೂ ತಲುಪದಂತೆ ತಡೆಯುವುದು ಆ ಹಾಳೆಯೇ.