ಬಿದ್ರಿ ಪೆಟ್ಟಿಗೆ ಗಡಿ ದಾಟಬೇಕಾದರೆ: ಬೀದರಿನ ಒಂದು ತೆರಿಗೆ ಸೇವಾ ಕೇಂದ್ರದ ಬಗ್ಗೆ

ಬೀದರಿನ ಚೌಬಾರದಿಂದ ತುಸು ದೂರದಲ್ಲಿರುವ ಒಂದು ಸಣ್ಣ ಬಿದ್ರಿ ಕಾರ್ಖಾನೆಯ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಆರು ಮಂದಿ ಕೆಲಸಗಾರರು, ಅವರಿಗೆ ದಾರಿ ತೋರುವ ಒಬ್ಬ ಹಿರಿಯ ಉಸ್ತಾದರು, 20 ಲಕ್ಷ ರೂಪಾಯಿಯೊಳಗಿನ ವಾರ್ಷಿಕ ವಹಿವಾಟು: ನಮ್ಮದು ಇಷ್ಟೇ. ನಾವು ಮಾಡುವ ಹೂದಾನಿ, ತಟ್ಟೆ, ಡಬ್ಬಿಗಳಲ್ಲಿ ಹೆಚ್ಚಿನವು ಹೈದರಾಬಾದಿನ ಅಂಗಡಿಗಳಿಗೆ ಹೋಗುತ್ತವೆ, ಉಳಿದವು ಮುಂಬೈ ಮತ್ತು ದೆಹಲಿಗೆ. ಮಾಲು ಕರ್ನಾಟಕದಲ್ಲಿ ತಯಾರಾಗಿ ಬೇರೆ ರಾಜ್ಯದಲ್ಲಿ ಮಾರಾಟವಾಗುವುದರಿಂದ ಪ್ರತಿ ಪೆಟ್ಟಿಗೆಯ ಹಿಂದೆಯೂ ಒಂದಿಷ್ಟು ಕಾಗದಪತ್ರದ ಕೆಲಸ ಇದ್ದೇ ಇರುತ್ತದೆ. ಈ ಕೆಲಸವನ್ನು ಎರಡು ವರ್ಷಗಳಿಂದ ಗಂಜ್ ಕಡೆಯ ಒಂದು ತೆರಿಗೆ ಸೇವಾ ಕೇಂದ್ರದಲ್ಲಿ ಮಾಡಿಸುತ್ತಿದ್ದೇವೆ. ಅಲ್ಲಿನ ಒಳ್ಳೆಯದರ ಜೊತೆಗೆ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಅಲ್ಲಿಗೆ ಹೋಗುವ ಮೊದಲು ನಾನೊಂದು ತಪ್ಪು ತಿಳಿವಳಿಕೆಯಲ್ಲಿದ್ದೆ, ಬೀದರಿನ ಇತರ ಕಾರ್ಖಾನೆಗಳಲ್ಲೂ ಅದೇ ತಿಳಿವಳಿಕೆ ಇರುವುದನ್ನು ಕಂಡಿದ್ದೇನೆ. ಸಾಮಾನ್ಯವಾಗಿ ಹೊರರಾಜ್ಯಕ್ಕೆ ಸರಕು ಮಾರುವವರು ವಹಿವಾಟು ಎಷ್ಟೇ ಕಡಿಮೆ ಇದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಆದರೆ 2017ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆ ಕರಕುಶಲ ವಸ್ತುಗಳಿಗೆ ಇದರಿಂದ ವಿನಾಯಿತಿ ನೀಡಲು ನಿರ್ಧರಿಸಿತು. ಅದರ ಬೆನ್ನಲ್ಲೇ ಹೊರಬಿದ್ದ ಅಧಿಸೂಚನೆಯ ಪಟ್ಟಿಯಲ್ಲಿ ಲೋಹದ ಬಿದ್ರಿ ವಸ್ತುಗಳ ಹೆಸರು 8306 ಎಂಬ ಸಂಕೇತ ಸಂಖ್ಯೆಯೊಂದಿಗೆ ಸ್ಪಷ್ಟವಾಗಿ ಸೇರಿತ್ತು. ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಡ, ಪ್ಯಾನ್ ಇದ್ದರೆ ಸಾಕು. ನಮ್ಮ ಊರಿನ ಕಸುಬಿನ ಹೆಸರನ್ನು ಸರ್ಕಾರದ ಪಟ್ಟಿಯಲ್ಲಿ ಓದಿದ ದಿನ ಉಸ್ತಾದರು ನಿಜವಾಗಿಯೂ ಸಂತೋಷಪಟ್ಟಿದ್ದರು. ನೋಂದಣಿ ಇಲ್ಲದಿದ್ದರೆ ಕಾಗದವೂ ಇಲ್ಲ ಎಂದು ನಾವೆಲ್ಲರೂ ಅಂದುಕೊಂಡೆವು.

ಹಾಗಿಲ್ಲ ಎಂಬುದನ್ನು ಈ ಕೇಂದ್ರದ ಮಾಲೀಕರು ಮೊದಲ ಭೇಟಿಯಲ್ಲೇ ನಿಯಮ ತೆಗೆದು ತೋರಿಸಿ ಬಿಡಿಸಿ ಹೇಳಿದರು. ನೋಂದಣಿಯಾದ ವ್ಯಾಪಾರಿ ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಕಳಿಸುವಾಗ ಮಾತ್ರ ಇ-ವೇ ಬಿಲ್, ಎಂದರೆ ಸರಕು ಸಾಗಣೆಗೆ ಸರ್ಕಾರದ ಜಾಲತಾಣದಲ್ಲಿ ತುಂಬುವ ದಾಖಲೆ, ಮಾಡಬೇಕು. ಆದರೆ ನೋಂದಣಿಯಿಂದ ವಿನಾಯಿತಿ ಪಡೆದ ಕರಕುಶಲಿ ತನ್ನ ವಸ್ತುವನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವಾಗ, ಅದರ ಬೆಲೆ ಎಷ್ಟೇ ಇರಲಿ, ಇ-ವೇ ಬಿಲ್ ಮಾಡಲೇಬೇಕೆಂದು ಜಿಎಸ್‌ಟಿ ನಿಯಮಾವಳಿಯ 138ನೇ ನಿಯಮ ಹೇಳುತ್ತದೆ. ಎಂದರೆ 40,000 ರೂಪಾಯಿಯ ಸ್ಟೀಲ್ ಪಾತ್ರೆಗಳನ್ನು ಕಳಿಸುವ ದೊಡ್ಡ ಅಂಗಡಿಗೆ ಇಲ್ಲದ ಕೆಲಸ, 4,000 ರೂಪಾಯಿಯ ಎರಡು ಡಬ್ಬಿ ಕಳಿಸುವ ನಮಗೆ ಇದೆ. ಬೆಲೆಯ ಕನಿಷ್ಠ ಮಿತಿ ನಮಗೂ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ನಿಯಮ ಬದಲಾಗುವವರೆಗೆ ಅದನ್ನು ಪಾಲಿಸದೆ ಮಾಲು ಕಳಿಸುವುದು ಅಪಾಯ. ಇದನ್ನು ಅಷ್ಟು ದಿನ ಯಾವ ಸಾರಿಗೆ ಬುಕಿಂಗ್ ಕಚೇರಿಯೂ ನಮಗೆ ತಿಳಿಸಿರಲಿಲ್ಲ.

ಕೇಂದ್ರದವರು ಮಾಡಿಕೊಡುವ ಕೆಲಸ ಹೀಗಿದೆ. ಇ-ವೇ ಬಿಲ್ಲಿನಲ್ಲಿ ಎರಡು ಭಾಗಗಳಿವೆ. ಎ ಭಾಗದಲ್ಲಿ ಸರಕು, ಬೆಲೆ, ಕಳಿಸುವವರು ಮತ್ತು ಪಡೆಯುವವರ ವಿವರ ಇರುತ್ತದೆ, ಬಿ ಭಾಗದಲ್ಲಿ ಗಾಡಿಯ ಸಂಖ್ಯೆ. ಬಿ ಭಾಗ ತುಂಬಿದ ಮೇಲೆಯೇ ಬಿಲ್ಲಿನ ಅವಧಿ ಆರಂಭವಾಗುತ್ತದೆ, ಮತ್ತು 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ ಜಾರಿಯಲ್ಲಿದೆ. ಬೀದರಿನಿಂದ ಹೈದರಾಬಾದ್ ಅದಕ್ಕಿಂತ ಹತ್ತಿರವಿರುವುದರಿಂದ ನಮಗೆ ಸಿಗುವುದು ಒಂದೇ ದಿನ. ಶನಿವಾರ ಮಧ್ಯಾಹ್ನ ಬಿ ಭಾಗ ತುಂಬಿದರೆ ಭಾನುವಾರ ಮಧ್ಯರಾತ್ರಿಗೆ ಅವಧಿ ಮುಗಿಯುತ್ತದೆ. ಆದರೆ ನಮ್ಮಂತಹವರ ಸಣ್ಣ ಪಾರ್ಸೆಲ್ ಎಷ್ಟೋ ಸಲ ಲಾರಿ ತುಂಬುವವರೆಗೆ ಗೋದಾಮಿನಲ್ಲೇ ಕಾಯುತ್ತಿರುತ್ತದೆ. ಮೊದಮೊದಲು ನಾವು ಮಾಲು ಬುಕ್ ಮಾಡಿದ ಕೂಡಲೇ ಎರಡೂ ಭಾಗ ತುಂಬಿಸಿಬಿಡುತ್ತಿದ್ದೆವು. ಈಗ ಕೇಂದ್ರದವರು ಎ ಭಾಗವನ್ನು ಮೊದಲೇ ಸಿದ್ಧಪಡಿಸಿ, ಗಾಡಿಗೆ ಪೆಟ್ಟಿಗೆ ಏರಿದ ಮೇಲೆ ನಾನು ಫೋನ್ ಮಾಡಿದಾಗ ಮಾತ್ರ ಬಿ ಭಾಗ ತುಂಬುತ್ತಾರೆ. ಎ ಭಾಗದ ಸಂಖ್ಯೆ 15 ದಿನ ಬಾಳುತ್ತದೆ, ಆದ್ದರಿಂದ ಅವಸರವಿಲ್ಲ. ಇಷ್ಟು ಸಣ್ಣ ಎಚ್ಚರದಿಂದ ಅವಧಿ ಮೀರಿದ ಬಿಲ್ಲಿನ ಸಮಸ್ಯೆ ನಮಗೆ ಮತ್ತೆ ಬಂದಿಲ್ಲ. ಒಂದು ಬಿಲ್ಲಿಗೆ ಅವರು ತೆಗೆದುಕೊಳ್ಳುವುದು 50 ರೂಪಾಯಿ. ನನ್ನ ಮಟ್ಟಿಗೆ ಅದು ನ್ಯಾಯವಾದ ದರ.

ತಪ್ಪು ಮಾಡಿದಾಗ ಅವರು ನಡೆದುಕೊಂಡ ರೀತಿಯನ್ನು ವಿವರವಾಗಿಯೇ ಹೇಳಬೇಕು. ಕಳೆದ ಚಳಿಗಾಲದಲ್ಲಿ ಹೈದರಾಬಾದಿನ ಒಬ್ಬ ವ್ಯಾಪಾರಿಗೆ ಹನ್ನೆರಡು ಹೂದಾನಿಗಳು ಹೋಗಬೇಕಾಗಿತ್ತು. ಬಿದ್ರಿಯ ಕಪ್ಪು ಮೈಗೆ ಗೀರು ಬಿದ್ದರೆ ಎದ್ದು ಕಾಣುವುದರಿಂದ ಪ್ರತಿಯೊಂದನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ನಡುವೆ ಕಾಗದದ ಚೂರು ತುಂಬಿ, ಮರದ ಪೆಟ್ಟಿಗೆಯಲ್ಲಿ ಜೋಡಿಸಿದ್ದೆವು. ಬುಕಿಂಗ್ ಕಚೇರಿಯವರು ಕೈಬರಹದಲ್ಲಿ ಬರೆದುಕೊಟ್ಟ ಬಿಲ್ಟಿಯ (ಮಾಲು ಸಾಗಣೆಯ ರಸೀದಿಯ) ಫೋಟೋವನ್ನು ನಾನು ಕೇಂದ್ರಕ್ಕೆ ಕಳಿಸಿದೆ. ಬಿಲ್ಟಿ ಬರೆದವರ 3 ಎಂಬ ಅಂಕಿಯ ಎರಡೂ ತುದಿಗಳು ಒಳಕ್ಕೆ ಬಾಗಿ ಕೂಡಿಕೊಂಡಂತಿದ್ದವು. ಕೇಂದ್ರದಲ್ಲಿ ಬೆರಳಚ್ಚು ಮಾಡುವ ಹುಡುಗ ಅದನ್ನು 8 ಎಂದು ಓದಿ, ಕೆಎ 38ರ ನಂತರದ ನಾಲ್ಕು ಅಂಕಿಗಳಲ್ಲಿ ಒಂದನ್ನು ತಪ್ಪಾಗಿ ತುಂಬಿದ. ತೆಲಂಗಾಣದೊಳಗೆ ರಾತ್ರಿ ತಪಾಸಣೆಯಾದಾಗ ಗಾಡಿಯ ಫಲಕಕ್ಕೂ ಬಿಲ್ಲಿಗೂ ಹೊಂದಿಕೆಯಾಗಲಿಲ್ಲ. ಗಾಡಿಯನ್ನು ನಿಲ್ಲಿಸಿದರು, ದೊಡ್ಡ ಮೊತ್ತದ ದಂಡದ ಮಾತು ಬಂತು, ಚಾಲಕ ಹೆದರಿ ನನಗೆ ಫೋನ್ ಮಾಡಿದ.

ನಾನು ಕೇಂದ್ರದ ಮಾಲೀಕರಿಗೆ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ ಆಗಿತ್ತು. ಅವರು ಬಿಲ್ಟಿಯ ಫೋಟೋ ನೋಡಿ, ಯಾರ ಮೇಲೂ ಹೊರಿಸದೆ, “ಅಕ್ಕಾ, ತಪ್ಪು ನಮ್ದೇ ಅದ. ನೀವು ಚಿಂತಿ ಮಾಡಬ್ಯಾಡ್ರಿ, ಸುತ್ತೋಲಿ ಕಳಸ್ತೀನಿ, ಡ್ರೈವರಗ ತೋರಸ್ಲಿಕ್ಕ ಹೇಳ್ರಿ” ಎಂದರು. ಹತ್ತು ನಿಮಿಷದಲ್ಲಿ ಬಂದದ್ದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2018ರ ಸೆಪ್ಟೆಂಬರ್ 14ರಂದು ಹೊರಡಿಸಿದ 64ನೇ ಸುತ್ತೋಲೆ. ಗಾಡಿ ಸಂಖ್ಯೆಯಲ್ಲಿ ಒಂದೆರಡು ಅಂಕಿ ಅಥವಾ ಅಕ್ಷರದ ತಪ್ಪು, ಜಿಎಸ್‌ಟಿ ಸಂಖ್ಯೆ ಸರಿಯಿದ್ದೂ ಹೆಸರಿನಲ್ಲಿ ಕಾಗುಣಿತ ದೋಷ, ಬಿಲ್ ಸಂಖ್ಯೆಯಲ್ಲಿ ಒಂದೆರಡು ಅಂಕಿಯ ವ್ಯತ್ಯಾಸ ಮುಂತಾದ ಸಣ್ಣ ತಪ್ಪುಗಳಿಗೆ, ಉಳಿದ ದಾಖಲೆಗಳು ಸರಿಯಿದ್ದರೆ, ಜಿಎಸ್‌ಟಿ ಕಾಯ್ದೆಯ 129ನೇ ಕಲಂ ಪ್ರಕಾರ ಸರಕು ತಡೆಹಿಡಿಯುವ ಕ್ರಮ ಬೇಡವೆಂದು ಅದು ಹೇಳುತ್ತದೆ. ಅಂತರರಾಜ್ಯ ಸಾಗಣೆಯಾದರೆ 1,000 ರೂಪಾಯಿ ದಂಡ ಹಾಕಿ ಬಿಡಬೇಕು. ಅಧಿಕಾರಿಗಳು ಅದನ್ನು ಓದಿ ಒಪ್ಪಿದರು. 1,000 ರೂಪಾಯಿ ಕಟ್ಟಿದ ಮೇಲೆ ಬೆಳಗಿನೊಳಗೆ ಗಾಡಿ ಹೊರಟಿತು. ಮರುದಿನ ಕೇಂದ್ರದ ಮಾಲೀಕರು ಆ ಹಣವನ್ನು ತಾವೇ ತಂದುಕೊಟ್ಟರು, ನಾನು ಕೇಳಿರಲಿಲ್ಲ. ಅಂದಿನಿಂದ ಗಾಡಿ ಸಂಖ್ಯೆಗೆ ಬಿಲ್ಟಿಯ ಬದಲು ಗಾಡಿಯ ಫಲಕದ ಫೋಟೋವನ್ನೇ ಕೇಳುತ್ತಾರೆ. ಸಾಗಣೆ ಮಾಡಿಸುವವರೆಲ್ಲರೂ ಈ ಸುತ್ತೋಲೆಯ ಒಂದು ಪ್ರತಿಯನ್ನು ಚಾಲಕನ ಕೈಯಲ್ಲಿ ಕೊಟ್ಟಿರಬೇಕು ಎಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ.

ಪ್ರದರ್ಶನಗಳಿಗೆ ಮಾಲು ಕಳಿಸುವಾಗಲೂ ಅವರ ಸಲಹೆ ಉಪಯೋಗಕ್ಕೆ ಬಂದಿದೆ. ಪ್ರದರ್ಶನಕ್ಕೆ ಹೋಗುವಾಗ ಯಾವ ವಸ್ತು ಮಾರಾಟವಾಗುತ್ತದೆ, ಯಾವುದು ವಾಪಸ್ ಬರುತ್ತದೆ ಎಂಬುದು ಮುಂಚಿತವಾಗಿ ಗೊತ್ತಿರುವುದಿಲ್ಲ. ಆಗ ಮಾರಾಟದ ಬಿಲ್ ಬರೆಯದೆ, ಕ್ರಮಸಂಖ್ಯೆ ಹಾಕಿದ ಡೆಲಿವರಿ ಚಲನ್ ಮೂರು ಪ್ರತಿ ಮಾಡಿ, ಇ-ವೇ ಬಿಲ್ಲಿನಲ್ಲಿ ಕಾರಣವನ್ನು ಪ್ರದರ್ಶನ ಎಂದೇ ತೋರಿಸಬೇಕು. ಉಳಿದ ಮಾಲು ಮರಳುವಾಗ ಮತ್ತೊಂದು ಇ-ವೇ ಬಿಲ್ ಬೇಕು. ಮರಳುವ ದಾರಿಯ ಬಿಲ್ಲನ್ನೇ ಹೆಚ್ಚಿನವರು ಮರೆಯುತ್ತಾರೆ. ಒಂದೆರಡು ಸಣ್ಣ ಡಬ್ಬಿಗಳಷ್ಟೇ ಇದ್ದರೆ ಅಂಚೆ ಇಲಾಖೆಯ ಮೂಲಕ ಕಳಿಸಿ ಎಂದು ಅವರೇ ಹೇಳಿದರು, ಏಕೆಂದರೆ ಇ-ವೇ ಬಿಲ್ ಬೇಡದ ಸರಕುಗಳ ಪಟ್ಟಿಯಲ್ಲಿ ಅಂಚೆ ಇಲಾಖೆ ಸಾಗಿಸುವ ಅಂಚೆ ಸರಕು ಸೇರಿದೆ. ತಮಗೆ ಬರಬೇಕಾದ 50 ರೂಪಾಯಿ ತಪ್ಪಿದರೂ ಹೀಗೆ ಹೇಳುವವರ ಮೇಲೆ ನಂಬಿಕೆ ಹುಟ್ಟುವುದು ಸಹಜ.

ಇನ್ನು ಕೊರತೆಗಳು. ಮೊದಲನೆಯದು ಗಂಭೀರವಾದದ್ದು. ಇ-ವೇ ಬಿಲ್ ಜಾಲತಾಣದಲ್ಲಿ ನಮ್ಮ ಪ್ಯಾನ್ ದಾಖಲಿಸುವಾಗ ಅವರು ನಮ್ಮ ಮೊಬೈಲ್ ಸಂಖ್ಯೆಯ ಬದಲು ತಮ್ಮ ಕೇಂದ್ರದ ಸಂಖ್ಯೆಯನ್ನು ಕೊಟ್ಟಿದ್ದರು. ಕೆಲಸ ಬೇಗ ಆಗಲಿ ಎಂಬ ಉದ್ದೇಶವೇ ಇರಬಹುದು, ಆದರೆ ಓಟಿಪಿ ಅವರ ಫೋನಿಗೇ ಹೋಗುತ್ತಿತ್ತು. ಒಂದು ಭಾನುವಾರ ಜಹೀರಾಬಾದ್ ಹತ್ತಿರ ಲಾರಿ ಕೆಟ್ಟು ನಿಂತು, ಮಾಲನ್ನು ಬೇರೆ ಗಾಡಿಗೆ ಬದಲಾಯಿಸಬೇಕಾಯಿತು. ಗಾಡಿ ಬದಲಾದರೆ ಬಿ ಭಾಗವನ್ನು ಹೊಸದಾಗಿ ತುಂಬಬೇಕು. ಆ ಲಾರಿಯವರಿಗೆ ಸಾರಿಗೆದಾರರ ಗುರುತು ಸಂಖ್ಯೆ ಇರಲಿಲ್ಲವಾದ್ದರಿಂದ ಅದನ್ನು ನಾವೇ ಮಾಡಬೇಕಿತ್ತು. ಕೇಂದ್ರಕ್ಕೆ ಬೀಗ, ಫೋನು ಬೀಗದೊಳಗೆ. ಸೋಮವಾರ ಬೆಳಿಗ್ಗೆ ಒಂಬತ್ತರವರೆಗೆ ನಮ್ಮ ಪೆಟ್ಟಿಗೆಗಳು ರಸ್ತೆ ಬದಿಯ ಗ್ಯಾರೇಜಿನಲ್ಲಿ ಬಿದ್ದಿದ್ದವು, ಜೊತೆಗೆ ಕಾವಲಿಗೆ ನಮ್ಮ ಕಾರ್ಖಾನೆಯ ಒಬ್ಬ ಹುಡುಗ ರಾತ್ರಿಯಿಡೀ ಚಳಿಯಲ್ಲಿ ಕುಳಿತಿದ್ದ. ಇದನ್ನು ನಾನು ಕ್ಷಮಿಸಲು ಸಿದ್ಧಳಿಲ್ಲ, ಮತ್ತು ಅವರಿಗೆ ನೇರವಾಗಿಯೇ ಹೇಳಿದ್ದೇನೆ. ಈಗ ನಮ್ಮ ಸಂಖ್ಯೆಯೇ ದಾಖಲಾಗಿದೆ, ಲಾಗಿನ್ ವಿವರಗಳೂ ನಮ್ಮ ಕೈಯಲ್ಲಿವೆ. ಬೇರೆ ಯಾವ ಕೇಂದ್ರಕ್ಕೆ ಹೋಗುವವರೂ ಮೊದಲ ದಿನವೇ ಇದನ್ನು ಖಚಿತಪಡಿಸಿಕೊಳ್ಳಬೇಕು.

ಎರಡನೆಯದಾಗಿ, ಅವರು ತೆಗೆದುಕೊಳ್ಳುವ ಹಣಕ್ಕೆ ರಸೀದಿ ಕೊಡುವುದಿಲ್ಲ, ಕೇಳಿದರೆ ಮಾತ್ರ ಬರೆದುಕೊಡುತ್ತಾರೆ. ಪ್ರತಿ ರೂಪಾಯಿಗೂ ದಾಖಲೆ ಇರಲಿ ಎಂದು ನಮಗೆ ಹೇಳುವವರು ತಾವೂ ಹಾಗೆ ನಡೆಯುವುದು ಒಳ್ಳೆಯದು. ಕುಳಿತುಕೊಳ್ಳಲು ಜಾಗ ಕಡಿಮೆ, ತಿಂಗಳ 20ನೇ ತಾರೀಖಿನ ಸುಮಾರಿಗೆ ರಿಟರ್ನ್ ಸಲ್ಲಿಸುವವರ ಸಾಲು ಬೀದಿಯವರೆಗೆ ಬರುತ್ತದೆ. ಆ ದಿನಗಳಲ್ಲಿ ಬಿಲ್ ಬೇಕಿದ್ದರೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿಡಬೇಕು.

ಸಣ್ಣ ಕುಶಲಕರ್ಮಿಗಳಿಗೆ, ಅದರಲ್ಲೂ ನೋಂದಣಿ ಇಲ್ಲದೆ ಹೊರರಾಜ್ಯಕ್ಕೆ ಮಾಲು ಕಳಿಸುವವರಿಗೆ, ಈ ಕೇಂದ್ರವನ್ನು ನಾನು ಶಿಫಾರಸು ಮಾಡುತ್ತೇನೆ. ಮುಂದಿನ ವಾರ ಮುಂಬೈಗೆ ಎಂಟು ತಟ್ಟೆಗಳು ಹೋಗಬೇಕಿವೆ. ಎ ಭಾಗ ನಿನ್ನೆಯೇ ಸಿದ್ಧವಾಗಿದೆ, ಪೆಟ್ಟಿಗೆಯ ಮುಚ್ಚಳಕ್ಕೆ ಉಸ್ತಾದರು ಇಂದು ಮೊಳೆ ಹೊಡೆಯುತ್ತಾರೆ, ಗಾಡಿ ಬಂದ ಮೇಲೆ ಅದರ ಫಲಕದ ಫೋಟೋ ತೆಗೆದು ನಾನೇ ಕಳಿಸುತ್ತೇನೆ.